ಅವಧಿ

ಮುಳ್ಳೇರಿಯದ ಬೀಡಿ ಶೆಡ್ಡಿನಲ್ಲಿ ನನ್ನದು ಓದುವ ಕೆಲಸ.
ಮೂವತ್ತೆಂಟು ಜನ ಮೊರ ಮಡಿಲಲ್ಲಿಟ್ಟು ಎಲೆ ಕತ್ತರಿಸುವರು,
ಒಬ್ಬೊಬ್ಬರೂ ದಿನಕ್ಕೆ ಹತ್ತು ಬೀಡಿ ನನ್ನ ಲೆಕ್ಕಕ್ಕೆ ಸುತ್ತುವರು.
ನಾನು ಸ್ಟೂಲಿನ ಮೇಲೆ ಕೂತು, ಮಲಯಾಳ ಪತ್ರಿಕೆಯನ್ನು
ಕಣ್ಣಲ್ಲಿ ಎತ್ತಿ ಬಾಯಲ್ಲಿ ಕನ್ನಡ ಮಾಡುತ್ತಿದ್ದೆ.

ಸಭೆ ನಡೆಯುವ ತಿಂಗಳು ಎಲ್ಲರದ್ದೂ ಒಂದೇ ಪ್ರಶ್ನೆ:
“ನಮ್ಮ ತ್ಯಾಂಪಣ್ಣ ಯಾವುದಕ್ಕೆ ಕೈಯೆತ್ತಿದರು?”

ಈ ಶೆಡ್ಡಿನ ಮೂಲೆಯಲ್ಲೇ ಹದಿನೇಳು ವರ್ಷ ಸುತ್ತಿದ ಕೈ,
ಹೆಬ್ಬೆರಳ ಉಗುರನ್ನು ಕತ್ತರಿಗೆ ಅರ್ಧ ಕೊಟ್ಟ ಕೈ.
ಬೀಡಿಯವರ ಪಿಂಚಣಿ ಮಸೂದೆ: ಅನುಕೂಲಂ.
ಗೇಣಿ ಹಕ್ಕಿನ ತಿದ್ದುಪಡಿ: ಅನುಕೂಲಂ.
ಆ ದಿನ ಬೀಪಾತುಮ್ಮ ಮೊರ ಬಡಿದಳು, ಹೊಗೆಸೊಪ್ಪಿನ ಧೂಳೆದ್ದು
ಮೂವತ್ತೆಂಟು ಜನರೂ ಒಟ್ಟಿಗೆ ಸೀನಿದರು.
ಅಂಥ ಜೈಕಾರ ನಾನು ಮತ್ತೆ ಕೇಳಿಲ್ಲ.

ಗೇರು ತೋಟಕ್ಕೆ ಆಕಾಶದಿಂದ ಸುರಿಯುವ ಮದ್ದಿನ ಬಗ್ಗೆ
ತನಿಖೆ ಬೇಕೆಂದು ಆಚೆ ಪಕ್ಷದವರ ಗೊತ್ತುವಳಿ.
ತ್ಯಾಂಪಣ್ಣನ ಹೆಸರಿನ ಮುಂದೆ: ಎದಿರ್.
ಅಲ್ಲಿ ಅದು ವಿರೋಧ. ನಮ್ಮಲ್ಲಿ ಎದುರು ಅಂದರೆ ಕಣ್ಣ ಮುಂದೆ.
ಹಾಗೆಯೇ ಓದಿದೆ. ಯಾರ ಕತ್ತರಿಯೂ ನಿಲ್ಲಲಿಲ್ಲ.
ಅಪ್ಪಿ ಮಾತ್ರ ಕೇಳಿದಳು, “ಎದುರು ಅಂದರೆ, ನೋಡಿದ್ದಾರೆ ತಾನೆ?”
ಅವಳ ಮಗು ಬಾಗಿಲ ಬಳಿ ಚಾಪೆಯಲ್ಲಿತ್ತು,
ಏಳು ತುಂಬಿದರೂ ಕತ್ತು ನಿಲ್ಲದ್ದು.

ಆಮೇಲೆ ಬಂತು ಭಾಷೆಯ ಮಸೂದೆ.
ಚಂದ್ರಗಿರಿ ಹೊಳೆಯ ಈಚೆ ದಡದ ಶಾಲೆಗೂ ಇನ್ನು ಒಂದೇ ನುಡಿ.
ಪಟ್ಟಿಯಲ್ಲಿ ಬೆರಳಿಟ್ಟು ಇಳಿದೆ. ಅನುಕೂಲಂ ಅಲ್ಲ. ಎದಿರ್ ಅಲ್ಲ.
ಅವಧಿ.
ಮಲಯಾಳಕ್ಕೆ ರಜೆ.
ಕನ್ನಡಕ್ಕೆ ಕಾಲ, ಗಡುವು, ಗೆದ್ದು ಕೂರುವ ಐದು ವರ್ಷ.
ಅಷ್ಟು ದಿನ ಹೊಳೆ ದಾಟಿಸಿದ ನಾಲಗೆ ನಡುನೀರಲ್ಲಿ ನಿಂತಿತು.
ಮೂವತ್ತೆಂಟು ಮುಖ.
ಪುಟ ಮಗುಚಿ, ತೆಂಗಿನೆಣ್ಣೆಯ ಧಾರಣೆ ಓದಿದೆ.

ಶನಿವಾರ ರೈಲಿಳಿದು ಮೊದಲ ಬಸ್ಸಿಗೇ ಬಂದರು ತ್ಯಾಂಪಣ್ಣ.
ಚಪ್ಪಲಿ ಹೊರಗಿಟ್ಟು, ಹಳೆ ಮೂಲೆಯಲ್ಲಿ ಕೂತು, ಎಲೆ ಕೇಳಿದರು.
ಇಪ್ಪತ್ತೈದರ ಒಂದು ಕಟ್ಟು ಮುಗಿಯುವ ತನಕ ಮಾತಿಲ್ಲ.
ಸುತ್ತು ಸಡಿಲ. ಅವರು ಎದ್ದ ಮೇಲೆ ಬೀಪಾತುಮ್ಮ
ಅಷ್ಟನ್ನೂ ಬಿಚ್ಚಿ ಮತ್ತೆ ಸುತ್ತಿದಳು, ಬೈಯದೆ.
ಹೋಗುವಾಗ ನನ್ನ ಸ್ಟೂಲಿನ ಹತ್ತಿರ ನಿಂತು, ತುಳುವಿನಲ್ಲಿ, ಮೆಲ್ಲಗೆ,
ಓದಿದೆಯಾ ಎಂದರು.
ಓದಿದೆ.
ಏನೆಂದು?
ತೆಂಗಿನೆಣ್ಣೆ ಇಳಿದಿದೆ.
ನಗಲಿಲ್ಲ. ನನ್ನ ಭುಜ ಮುಟ್ಟಬೇಕೆಂದು ಚಾಚಿದ ಕೈ
ಅರ್ಧದಲ್ಲೇ ಜೇಬಿಗೆ ಹೋಯಿತು.

ಈಗ ಶೆಡ್ಡೂ ಇಲ್ಲ, ಅವರೂ ಇಲ್ಲ.
ಸ್ಮರಣ ಸಂಚಿಕೆಗೆ ನನ್ನಿಂದ ಎರಡು ಪುಟ ಬೇಕಂತೆ,
‘ಜನಪರ ನಿಲುವುಗಳು’ ಅಂತ ತಲೆಬರಹ ಅವರೇ ಕೊಟ್ಟಿದ್ದಾರೆ.
ಪಿಂಚಣಿ ಬರೆದೆ, ಗೇಣಿ ಬರೆದೆ.
ಅಪ್ಪಿಗೆ ತಿಂಗಳ ಮೊದಲ ವಾರ ಈಗಲೂ ಹಣ ಬರುತ್ತದೆ, ಅದನ್ನೂ ಬರೆದೆ.
ಅವಳ ಮಗುವಿನ ಹೆಸರು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ.
ಆ ದಿನದ ಸಾಲಿಗೆ ಬಂದಾಗ
ಅವಧಿ ಅಂತಲೇ ಇಟ್ಟೆ, ಅರ್ಥ ಹೇಳದೆ.
ಅದರ ಕೆಳಗೆ ಇಬ್ಬರ ಹೆಸರು:
ಅವರದ್ದು, ಓದಿದವರದ್ದು.