ಅನುಬಂಧ ಮೂರು

ಕಾರವಾರದ ಗ್ರಂಥಾಲಯದಲ್ಲಿ ಕಾರ್ಡಿನ ಡ್ರಾಯರು
ಮಳೆಗಾಲಕ್ಕೆ ಉಬ್ಬಿದೆ; ಎಳೆದರೆ ಬರುವುದಿಲ್ಲ.
ಮೊದಲು ಗುದ್ದಬೇಕು, ಆಮೇಲೆ ಎಳೆಯಬೇಕು.
ಹಾಗೆ ಗುದ್ದಿ ತೆಗೆದ ‘ನ’ ಅಕ್ಷರದಲ್ಲಿ ಸಿಕ್ಕಿದ್ದು:
ನಾಯಕ, ವೆಂ. ಸಣ್ಣಕತೆ, ಮೂರು.
ನಿಂತುಹೋದ ಯಾವುದೋ ವಾರಪತ್ರಿಕೆ, ಅರವತ್ತೆರಡನೇ ಇಸವಿ.

ನನ್ನ ಪ್ರಬಂಧ ಕರಾವಳಿಯ ಲೇಖಕಿಯರ ಕುರಿತು.
ಗಂಡಸಿನ ಕಾರ್ಡು ನನಗೇಕೆ ಎಂದು ಮುಚ್ಚುವವಳಿದ್ದೆ.
ಬಸ್ಸಿಗೆ ಇನ್ನೂ ಹೊತ್ತಿತ್ತು, ಓದಿದೆ.
ಎರಡನೇ ಕತೆಯಲ್ಲಿ, ಕೂಸು ಸತ್ತ ಮೂರನೇ ದಿನ
ಹಾಲು ಬತ್ತಲೆಂದು ಒಬ್ಬಳು
ಎದೆಗೆ ಮಲ್ಲಿಗೆ ಕಟ್ಟಿಕೊಳ್ಳುತ್ತಾಳೆ.
ರವಿಕೆಯೊಳಗೆ ಹೂವು ಕಂದುವ ವಾಸನೆಗೆ
ದೊಡ್ಡ ಮಗಳು ಕೇಳುತ್ತಾಳೆ: ಅವ್ವೀ, ಯಾರ ಮದುವೆ?

ಇದನ್ನು ವೆಂಕಣ್ಣನೋ ವೆಂಕಟೇಶನೋ ಬರೆದಿರಲಾರ.
ಹಳದಿ ಹಾಳೆಯನ್ನು ಕಿಟಕಿಗೆ ಹಿಡಿದೆ.
ಹೆಸರಿನ ಮೊದಲು, ಸವೆದ ಅಚ್ಚಿನ ಮೊಳೆ: ಸೌ.
ಕಾರ್ಡು ಬರೆದ ಪುಣ್ಯಾತ್ಮ ಅದೊಂದಕ್ಷರ ಬಿಟ್ಟಿದ್ದ.
ಅಷ್ಟಕ್ಕೇ ಅವಳು
ಅರವತ್ತು ವರ್ಷ ಗಂಡಸಾಗಿ ಉಳಿದಿದ್ದಳು.

ಮಾದನಗೇರಿಯಲ್ಲಿ ಇಳಿದು, ಟೆಂಪೋ ಹತ್ತಿ, ಸಾಣಿಕಟ್ಟಾ.
ಮಳೆನೀರು ನಿಂತ ಉಪ್ಪಿನ ಗದ್ದೆಗಳಾಚೆ ಮನೆ.
ಸೊಸೈಟಿಯಲ್ಲಿ ಉಪ್ಪಿನ ತೂಕ ಬರೆಯುತ್ತಿದ್ದ
ವೆಂಕಣ್ಣ ನಾಯಕರು ತೀರಿಕೊಂಡು ಇಪ್ಪತ್ತು ವರ್ಷ.
ಬೀರಮ್ಮ ಜಗಲಿಯಲ್ಲಿ ಕೂತು
ಒಣ ಶೆಟ್ಲಿಯ ತಲೆ ಮುರಿಯುತ್ತಿದ್ದರು.
ಜೆರಾಕ್ಸ್ ಪ್ರತಿಯನ್ನು
ದೂರ ಹಿಡಿದು, ಹತ್ತಿರ ಹಿಡಿದು, ನಕ್ಕರು.
“ಇದ್ರ ದುಡ್ಡು ಬಂದಿತ್ತು ಮಗಾ. ಐದು ರೂಪಾಯಿ ಮನಿಯಾರ್ಡರು.
ಅವ್ರ ಹೆಸ್ರಿಗೇ. ಪೋಸ್ಟಿನವ ಅವ್ರ ಕೈಗೇ ಕೊಟ್ಟ.
ಸೈಕಲ್ಲಿಗೆ ಹಿಂದಿನ ಟಾಯರು ತಂದ್ರು.
ನನ್ ಕತಿ ಮೂರು ವರ್ಷ
ಕುಮಟೆ ಅಂಕೋಲೆ ಎಲ್ಲ ತಿರಗ್ತು ನೋಡು.”

ಆಮೇಲೆ ಬರೆಯಲಿಲ್ಲವೆ?
ಬರೆದೆ ಎಂದರು, ತೂಕದ ಚೀಟಿಗಳ ಹಿಂದೆ.
ಎಲ್ಲಿವೆ?
ತಲೆ ಮುರಿದ ಶೆಟ್ಲಿ ಮೊರಕ್ಕೆ ಬಿತ್ತು.
“ಒಲೆ ಹಚ್ಚೂಕೆ ಒಣ ಕಾಗ್ದ ಬೇಕಲ್ಲೆ ಮಳೆಗಾಲದಲ್ಲಿ.”
ಸಿಟ್ಟಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ
ಪ್ರಬಂಧದಲ್ಲಿ ಉದ್ಧರಿಸಲು ಸುಲಭವಾಗುತ್ತಿತ್ತು.

ನನ್ನ ಪ್ರಶ್ನಾವಳಿಯಲ್ಲಿ ಮೂವತ್ತೆರಡು ಪ್ರಶ್ನೆ,
ಪ್ರೇರಣೆ, ಪ್ರಭಾವ, ಪ್ರಶಸ್ತಿ ಅಂತೆಲ್ಲ.
ಏಳನೆಯದಕ್ಕೆ ಬಂದಾಗ ಅವರೇ ಕೇಳಿದರು,
“ನೀ ಎಂತಾ ಬರ್ದಿದ್ಯೆ?”
ಬೇರೆಯವರು ಬರೆದದ್ದರ ಬಗ್ಗೆ, ಎಂದೆ.
“ಅದಲ್ಲ.”
ಡೈರಿ ಬ್ಯಾಗಿನ ಒಳಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.
ಅಷ್ಟೂ ಹೊತ್ತು
ಒಂದೇ ಒಂದು ಶೆಟ್ಲಿಯನ್ನೂ ಮುರಿಯದೆ ಅವರು ಕಾದರು.
ಕೊನೆಗೆ ಒಂದು ಪುಟ ಓದಿದೆ. ಎರಡನೇ ಸಾಲಿಗೇ
“ಇಲ್ಲಿ ಸುಳ್ಳು ಹೇಳಿದಿ” ಎಂದರು.
ಹೌದು, ಹೇಳಿದ್ದೆ.

ಧಾರವಾಡದಲ್ಲಿ ಮಾರ್ಗದರ್ಶಕರು
ಕನ್ನಡಕ ಹಣೆಗೇರಿಸಿ ಅಂದದ್ದು:
ಮೂರು ಕತೆಗೆ ಅಧ್ಯಾಯ ಆಗುವುದಿಲ್ಲಮ್ಮ,
ಆಕರ ಸಾಲದು, ಅನುಬಂಧಕ್ಕೆ ಹಾಕು.
ಒಂದನೆಯದು ನಕ್ಷೆ, ಎರಡನೆಯದು ಪ್ರಶ್ನಾವಳಿ,
ಮೂರನೆಯದು ಬೀರಮ್ಮ.
ರೂಮಿಗೆ ಬಂದು ನಿಘಂಟು ತೆರೆದೆ. ಅನುಬಂಧ ಎಂದರೆ
ಕೊನೆಗೆ ಸೇರಿಸಿದ್ದು; ನಂಟು ಎಂದೂ ಇದೆ.
ಸಮಾಧಾನವಾಯಿತು ಎಂದೇನಲ್ಲ.
ನಂಟರನ್ನು ಪಠ್ಯಕ್ಕೆ ಇಡುವುದಿಲ್ಲ ಯಾರೂ.

ಮತ್ತೆ ಕಾರವಾರ. ಡ್ರಾಯರಿಗೆ ಗುದ್ದಿದೆ.
ಕಾರ್ಡು ತಿದ್ದಲು ಮೇಲಿನಿಂದ ಆರ್ಡರು ಬೇಕು ಎಂದರು
ನಿವೃತ್ತಿಗೆ ಎಂಟು ತಿಂಗಳಿದ್ದ ಗಾಂವಕರ್ ಸರ್.
ಪೆನ್ಸಿಲಲ್ಲಿ ಬರೆಯುತ್ತೇನೆ, ಎಂದೆ.
ನಾಯಕ, ಬೀರಮ್ಮ. ಕೆಳಗೆ, ಸಾಣಿಕಟ್ಟಾ.
ಅವರು ಬಗ್ಗಿ ನೋಡಿದರು, ಬಾಗಿಲ ಕಡೆ ನೋಡಿದರು,
ಕಿಸೆಯ ಪೆನ್ನು ತೆಗೆದು ಮೇಜಿನ ಮೇಲಿಟ್ಟರು.
“ಈ ಹವೆಗೆ ಪೆನ್ಸಿಲ್ಲು ನಿಲ್ಲೂದಿಲ್ಲ.”

ಅದೇ ಡ್ರಾಯರಿನಲ್ಲಿ ಇನ್ನೂ ಇಬ್ಬರ ಮೇಲೆ
ನನಗೆ ಅನುಮಾನವಿದೆ.
ಒಬ್ಬರು ನಾಡಕರ್ಣಿ, ಎಸ್. ಡಿ.
ಇನ್ನೊಂದು ಬರಿಯ ಕಾವ್ಯನಾಮ,
‘ನಿಶಾಚರ’. ಊರು ಬೇಲೇಕೇರಿ.