ಅಂಚಿನ ಮಾತು

ಹಳೆಯ ಚಡ್ಡಿಯನ್ನು ನಡುವಿಗೆ ಮಡಚಿ
ಪೇಪರಿನ ಮೇಲಿಟ್ಟು ಸುತ್ತ ಇದ್ದಿಲ ಗೆರೆ ಎಳೆದೆ.
ಹೊಲಿಗೆಗೆ ಎರಡು ಬೆರಳು, ಸೊಂಟದ ಮಡಿಕೆಗೆ ಮೂರು,
ಫಾಕಿ ಬೆಳೆಯುವುದಕ್ಕೆ ಇನ್ನೊಂದು.
ಅಷ್ಟೇ ಲೆಕ್ಕ.
ಇಷ್ಟಕ್ಕೆ ದರ್ಜಿ ಮಕಾಮೆ
ಮೂರು ದಿನ ಬಿಟ್ಟು ಬಾ ಅನ್ನುತ್ತಾನೆ.
ಉಬ್ಬರ ಇವತ್ತೇ, ಮಧ್ಯಾಹ್ನದ ನಮಾಜಿನ ಹೊತ್ತಿಗೆ.
ವೇಟೆಯ ಹುಡುಗರೆಲ್ಲ ಧಕ್ಕೆಯಿಂದ ಹಾರುವಾಗ
ನನ್ನವನೊಬ್ಬ ಹರಿದ ತಳ ಮುಚ್ಚಿಕೊಂಡು ನಿಲ್ಲಬೇಕೆ?

ಬಟ್ಟೆ ಪೆಟ್ಟಿಗೆಯ ತಳದಲ್ಲಿತ್ತು.
ಐದು ವರ್ಷ ಲವಂಗದ ಜೊತೆ ಮಲಗಿದ್ದ ಕಾಂಗಾ,
ಕೆಂಪು ನೆಲ, ಕಪ್ಪು ಗೋಡಂಬಿ,
ಅಂಚಿನ ಮೇಲೆ ದೊಡ್ಡಕ್ಷರದಲ್ಲಿ ಒಂದು ಮಾತು:
'ಕಂಡವರ ಸುಖ ಕಂಡು ನಿನಗೇಕೆ ಕಣ್ಣುರಿ'.

ನಮ್ಮಲ್ಲಿ ಬೈಯುವುದಕ್ಕೆ ಬಾಯಿ ಬೇಕಿಲ್ಲ.
ಅಂಗಡಿಗೆ ಹೋಗಿ, ಬಣ್ಣ ನೋಡಿ,
ಒಪ್ಪುವ ಬೈಗುಳ ಆರಿಸಿ ಉಡುಗೊರೆ ಕೊಟ್ಟರಾಯಿತು.
ನಾದಿನಿ ಮೌವಾ ಕೊಟ್ಟಳು, ಈದ್ ಕಳೆದ ಮಾರನೆಯ ದಿನ,
ಅವಳ ಮನೆಗೆ ತಗಡಿನ ಮಾಡು ಬಂದ ವರ್ಷ.
'ಎಷ್ಟಾಯಿತು?' ಅಂತ ಕೇಳಿದ್ದೆ, ಅಷ್ಟೇ.
ಸರಿ, ಎರಡು ಸಲ ಕೇಳಿದ್ದೆ.
ನಗುತ್ತ ಇಸಿದುಕೊಂಡೆ. ಉಡಲಿಲ್ಲ.

ಬಟ್ಟೆಯನ್ನು ಜೋಡು ಮಾಡಿ ಒಟ್ಟಿಗೇ ಕತ್ತರಿಸಬೇಕು,
ಇಲ್ಲವಾದರೆ ಎರಡೂ ಎಡಗಾಲೇ ಆಗುತ್ತವೆ.
(ಒಮ್ಮೆ ಆಗಿದ್ದವು. ಈಗ ಅವು ದಿಂಬಿನ ಗವಸು.)
ಕತ್ತರಿ ಆ ಮಾತಿನ ಹತ್ತಿರ ಬಂತು.
ತಿರುಗಿಸಿ ಇಡಬಹುದಿತ್ತು, ಬಟ್ಟೆ ಸಾಲುತ್ತಿತ್ತು.
ಇಡಲಿಲ್ಲ.
ಅವಳ ಮಾತಿನ ಮೇಲೆ ನನ್ನ ಮಗ ಕೂರಲಿ ಅಂತ
ಬೇಕೆಂದೇ ಹಿಂಬದಿಗೆ ತಂದೆ.

ಮುಂದಿನ ಬಾಗು, ಹಿಂದಿನ ಬಾಗು,
ಆಮೇಲೆ ಒಂದು ಕಾಲಿನ ತುದಿಯಿಂದ ಹೊರಟು
ತೊಡೆಸಂದು ದಾಟಿ ಇನ್ನೊಂದರ ತುದಿಗೆ, ಒಂದೇ ಓಟ.
ಕೈಯಂತ್ರ ಗೊರಗೊರ ಅಂದಿತು,
ಹಾದಿಯಲ್ಲಿ ಒಣಗಿದ್ದ ಲವಂಗದ ಮೇಲೆ
ಯಾರದೋ ಸೈಕಲ್ಲು ಹೋಗಿ ಯಾರೋ ಕೂಗಿದರು.
ಸೊಂಟದ ಸುರಂಗದಲ್ಲಿ ಪಿನ್ನು ಕಣ್ಣಿಲ್ಲದೆ ತೆವಳಿತು,
ಹಿಂದೆ ಇಲಾಸ್ಟಿಕ್ಕು,
ಇನ್ನೇನು ಮುಗಿಯಿತು ಅನ್ನುವಾಗ ಬಾಲ ಒಳಗೆ ಜಾರಿತು.
ಮತ್ತೆ ಮೊದಲಿನಿಂದ.

ಮಗುಚಿ, ಕೊಡವಿ, ಬೆಳಕಿಗೆ ಹಿಡಿದೆ.
'ಕಂಡವರ' ಚಿಂದಿಗೆ ಹೋಗಿತ್ತು.
'ಕಂಡು' ನಡುಹೊಲಿಗೆ ನುಂಗಿತ್ತು.
'ಕಣ್ಣು' ಸುತ್ತಿ ಬಳಸಿ ಮುಂದೆಲ್ಲೋ ಹೋಗಿತ್ತು.
ಹಿಂದೆ, ಎಡಕ್ಕೊಂದು ಬಲಕ್ಕೊಂದು, ಉಳಿದದ್ದು
'ಸುಖ' 'ನಿನಗೇಕೆ'.

ಬಿಚ್ಚಲೇ ಅಂದುಕೊಂಡೆ. ಅಷ್ಟರಲ್ಲಿ ಅವನು
ಕಾಲು ತೂರಿಸಿ, ಬಾಗಿಲು ದಾಟಿ, ಓಡಿಯೇಬಿಟ್ಟಿದ್ದ.
'ಉರಿ' ಎಂಬ ತುಂಡೊಂದು ಯಂತ್ರದ ಕೆಳಗೆ ಬಿದ್ದಿತ್ತು.
ಅದರಲ್ಲೇ ಅನ್ನದ ಪಾತ್ರೆ ಇಳಿಸಿ
ಕೈಯಲ್ಲಿ ಹಿಡಿದುಕೊಂಡೇ ಹಿಂದೆ ಹೊರಟೆ.

ಧಕ್ಕೆಯಲ್ಲಿ ಹುಡುಗರು ಒಂದೇ ರಾಗದಲ್ಲಿ ಓದುತ್ತಿದ್ದರು,
ನನ್ನ ಮಗನ ಕುಂಡೆಯನ್ನು.
ಮೆಟ್ಟಿಲ ಮೇಲೆ, ಬಕೆಟ್ಟಿನಲ್ಲಿ ಆಕ್ಟೋಪಸ್ ಇಟ್ಟುಕೊಂಡು
ಮೌವಾ ನಿಂತಿದ್ದಳು. ಉಟ್ಟಿದ್ದು ಅದೇ ಗೋಡಂಬಿ,
ಒಗೆದೊಗೆದು ಕೆಂಪು ಗುಲಾಬಿಯಾಗಿತ್ತು,
ಬೆನ್ನ ಕೆಳಗೆ ಇಡೀ ಮಾತು, ಒಂದಕ್ಷರ ಬಿಡದೆ.

ಕಾಂಗಾ ಬರುವುದೇ ಜೋಡಿಯಾಗಿ.
ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಕೊಡುವುದು
ತೀರ ಹತ್ತಿರದವರಿಗೆ.
ಇದು ನನಗೆ ಗೊತ್ತಿರದ ಸಂಗತಿಯೇನಲ್ಲ.
ಇನ್ನೊಂದು ಎಲ್ಲಿ ಅಂತ
ಐದು ವರ್ಷ ಕೇಳಲಿಲ್ಲ, ಒಂದು ಸಲವೂ.
ಅವಳು ಈ ಮಾತನ್ನು ನನಗೆ ಹೇಳಿದ್ದಳೋ
ನಾವಿಬ್ಬರೂ ಸೇರಿ ಊರಿಗೆ ಹೇಳಲಿ ಅಂತಿದ್ದಳೋ.

ಅವಳೂ ಓದಿದಳು.
ಬಕೆಟ್ಟು ಕೆಳಗಿಟ್ಟು, ಹೊಟ್ಟೆ ಹಿಡಿದು ನಕ್ಕಳು,
ನಕ್ಕು ಕಣ್ಣೊರೆಸಿ, 'ಅತ್ತಿಗೆ,
ಬಟ್ಟೆ ಏನಾದರೂ ಉಳಿದಿದೆಯಾ?' ಅಂದಳು.

ಬೆನ್ನ ಹಿಂದೆ ಮುಷ್ಟಿ ಬಿಗಿಮಾಡಿ
'ಇದೆ, ಸ್ವಲ್ಪ' ಅಂದೆ.

ಫಾಕಿ ಹಾರಿದ.
ಇಲಾಸ್ಟಿಕ್ಕು ಹಿಡಿಯಿತು.