ಬೆವರು ಆರುವ ತನಕ

ನಡಿ, ಪೊಲೋಜ್, ಇನ್ನೂ ಹದಿನೆಂಟು ಸುತ್ತು.
ಈ ಸುತ್ತುಗಳನ್ನು ಯಾರೂ ಎಣಿಸುವುದಿಲ್ಲ.
ಗಡಿಯಾರ ಹಿಡಿದವರೆಲ್ಲ ಟ್ರಾಮ್ ಹತ್ತಿ ಹೋದರು.
ಹಿಮದ ಮೇಲೆ ಹರಿದ ಟಿಕೆಟಿನ ಚೂರು,
ನಿನ್ನ ನಂಬರಿನವೇ ಜಾಸ್ತಿ.

ಕಂಬಳಿ ಜಾರುತ್ತಿದೆ, ನಿಲ್ಲು.
ಆಲೂಗಡ್ಡೆ ಬಸಿದ ಪಾತ್ರೆಯಂತೆ
ಹಬೆಯಾಡುತ್ತಿದೆ ನಿನ್ನ ಬೆನ್ನು.
ಅದು ನಿಲ್ಲುವ ತನಕ ಒಂದು ಗುಟುಕೂ ಇಲ್ಲ.
ಬಕೆಟ್ಟಿನಲ್ಲಿ ಹಿಡಿ ಒಣಹುಲ್ಲು ತೇಲಿಬಿಟ್ಟಿದ್ದೇನೆ,
ಗಟಗಟ ಕುಡಿದೀಯೆಂದು.
ಅಜ್ಜ ಯೆಫೀಮ್ ಕಲಿಸಿದ್ದು. ಅವನು ಮಾತ್ರ
ವೋಡ್ಕಾದಲ್ಲಿ ಹುಲ್ಲು ತೇಲಿಸಿಕೊಳ್ಳಲಿಲ್ಲ.

ನಿನಗೆ ಹೆಸರಿಟ್ಟವಳು ನಾನು.
ತಾಯಿಯ ಮೊದಲಕ್ಷರ ಮೊದಲಿಗೆ ಬರಬೇಕು,
ತಂದೆಯದು ಒಳಗೆಲ್ಲೋ ಅಡಗಿರಬೇಕು, ಅದು ಪದ್ಧತಿ.
ತಾಯಿ ಪೊಲೀನ್, ಅಂದರೆ ಮಾಚಿಪತ್ರೆ.
ತಂದೆ ಜದೋರ್, ಅಂದರೆ ಹುರುಪು.
ಕಹಿಗೂ ಹುರುಪಿಗೂ ಹುಟ್ಟಿದವನಿಗೆ
ಮೂರು ರಾತ್ರಿ ನಿಘಂಟು ತಿರುವಿದೆ.
ಪೊಲೋಜ್: ಜಾರುಬಂಡಿಯ ಅಡಿಪಟ್ಟಿ,
ಹಿಮವನ್ನು ಮುಟ್ಟಿಯೂ ಮುಟ್ಟದೆ ಸಾಗುವ ಮರ.

ಆಗ ನೀನು ಇದ್ದಿಲ ಬಣ್ಣ.
ಬಿತ್ಯೂಗ್ ದಂಡೆಯ ಲಾಯದ ಮೂಲೆಯಲ್ಲಿ ನಿಂತರೆ
ಬರೀ ಎರಡು ಕಣ್ಣು.
ಈಗ ಮೈತುಂಬ ಬೆಳ್ಳಿ ನಾಣ್ಯ ಚೆಲ್ಲಿದ ಹಾಗೆ ಚುಕ್ಕೆ,
ಇನ್ನೈದಾರು ವರ್ಷಕ್ಕೆ ಅಚ್ಚ ಬಿಳಿ.
ನಿಮ್ಮ ಕುಲದಲ್ಲಿ ನರೆತಷ್ಟೂ ಚೆಂದ.
ನಾನು ನೋಡು, ರುಮಾಲು ಕಟ್ಟಿಕೊಂಡು ಓಡಾಡುತ್ತೇನೆ.

ಸಾವಿರದ ಆರುನೂರು ಮೀಟರೂ ದುಡಕಿಯೇ ಆಗಬೇಕು.
ಎಡ ಮುಂಗಾಲು ಬಲ ಹಿಂಗಾಲು,
ಬಲ ಮುಂಗಾಲು ಎಡ ಹಿಂಗಾಲು,
ಹೊಲಿಗೆ ಯಂತ್ರದ ತಾಳ.
ಹಿಂದೆ ಎರಡು ಗಾಲಿಯ ಮೇಲೆ ರೊದಿಯೋನ್ ಲುಕಿಚ್,
ಮೀಸೆ ಪೂರಾ ಮಂಜುಗಟ್ಟಿ,
ಲಗಾಮನ್ನು ಮೊಟ್ಟೆ ಹಿಡಿದಂತೆ ಹಿಡಿದಿದ್ದ.
ಪಕ್ಕಕ್ಕೆ ಬಂತು ಅಮೆರಿಕದ ರಕ್ತದ ಕಂದು ಕುದುರೆ.
ಉಳಿದದ್ದು ಐವತ್ತು ಮೀಟರು.
ಆಗ ನೀನು

ನಾಗಾಲೋಟ!
ಜೂಲು ಕೆದರಿ, ನಾಲ್ಕೂ ಕಾಲು ಬಿಚ್ಚಿ,
ಬಯಲಾಚೆಯಿಂದ ಯಾರೋ ಕೂಗಿದ ಹಾಗೆ.
ಮೊದಲು ಗೆರೆ ದಾಟಿದವನು ನೀನೇ.
ಗಂಟೆ ಬಾರಿಸಿ ಹೊರಹಾಕಿದ್ದೂ ನಿನ್ನನ್ನೇ.
ಇದೆಂಥ ಪಂದ್ಯವೋ, ಓಡಿದ್ದೇ ತಪ್ಪು!
ಜನ ಬೈದರು. ನನ್ನ ಎದೆ ಮಾತ್ರ, ಸುಳ್ಳೇಕೆ,
ಗರಿ ಬಿಚ್ಚಿತು.
ರೊದಿಯೋನ್ ಮಾತಾಡಲಿಲ್ಲ. ಕೈಗವಸು ತೆಗೆದು
ನಿನ್ನ ಬಾಯಲ್ಲಿ ರಕ್ತವಿದೆಯೇ ನೋಡಿ
ಹಗ್ಗ ನನ್ನ ಕೈಗಿಟ್ಟು ಹೋದ.

ಕಳೆದ ತಿಂಗಳು ಕಚೇರಿಯವನು ಬಂದಿದ್ದ.
ಹೆಣ್ಣುಕುದುರೆಗಳನ್ನು ಬೆರಳು ಮಡಚಿ ಎಣಿಸಿದ,
ಬೆರಳು ಇನ್ನೂ ಮಿಕ್ಕಿದ್ದವು, ಜೇಬಿಗೆ ಇಳಿಸಿದ.
“ದೊಡ್ಡ ಎದೆ, ದೊಡ್ಡ ಮನಸ್ಸು, ಕಪಿತೊಲೀನಾ ಯೆಗೋರೊವ್ನಾ.
ಆದರೆ ಎರಡು ಸೆಕೆಂಡು ತಡ,” ಎಂದ.
ಎರಡು ಸೆಕೆಂಡು!
ಬರ್ಚ್ ತೊಗಟೆಯ ಕೀಲೆಣ್ಣೆ ಈ ಗೊರಸಿಗೆ ಇಳಿಯಲು
ದಿನಾ ಅರ್ಧ ಗಂಟೆ ಕೂರುತ್ತೇನೆ ನಾನು.

ನಿಲ್ಲು. ಕಾಲು ಕೊಡು.
ನರದ ಮೇಲೆ ಅಂಗೈ ಇಟ್ಟು ನೋಡಬಾರದು,
ಉಜ್ಜಿ ಉಜ್ಜಿ ಕಾದಿರುತ್ತದೆ, ಸುಳ್ಳಾಡುತ್ತದೆ.
ಕೈಯ ಹಿಂಬದಿ ಇಡಬೇಕು.
ಎಡಗಾಲು ತಣ್ಣಗಿದೆ.
ಬಲಗಾಲು...
ಇಲ್ಲಿ, ಕಡಲೆಕಾಳಿನಷ್ಟು ಜಾಗದಲ್ಲಿ, ಬಿಸಿ.

ಹಾಗಾದರೆ ಯಾರೂ ಕೂಗಲಿಲ್ಲ.
ನೋವು ತಾಳ ತಪ್ಪಿಸಿತು, ನಾನು ಗರಿ ಬಿಚ್ಚಿಕೊಂಡೆ.
ಅಥವಾ ಎರಡೂ ಇರಬಹುದೇನೋ, ನೀನು ಹೇಳುವವನಲ್ಲ.

ಸಾಕು, ಇನ್ನು ಸುತ್ತು ಬೇಡ.
ವಿನೆಗರಿನಲ್ಲಿ ಜೇಡಿಮಣ್ಣು ಕಲಸುತ್ತೇನೆ, ತಣ್ಣಗೆ,
ಮೇಲೆ ನನ್ನ ಹಳೇ ಫ್ಲಾನೆಲ್ ಲಂಗದ ಪಟ್ಟಿ.
ಬೆಳಗ್ಗೆ ರೊದಿಯೋನ್‌ಗೆ ಹೇಳಬೇಕು,
ಇಲ್ಲ, ಈಗಲೇ ಹೇಳಬೇಕು,
ಅವನೂ ನಿದ್ದೆಯಿಲ್ಲದೆ ಬಿದ್ದಿರುತ್ತಾನೆ, ತನ್ನ ಕೈಯದೇ ತಪ್ಪೆಂದು.

ಹಬೆ ನಿಂತಿದೆ. ಬಾ.
ಬಕೆಟ್ಟಿನ ಹುಲ್ಲನ್ನು ತುಟಿಯಲ್ಲಿ ಮೆಲ್ಲಗೆ
ಪಕ್ಕಕ್ಕೆ ಸರಿಸಿ, ಕಳ್ಳ,
ಗಟಗಟ ಕುಡಿಯುತ್ತಾನೆ.